ಇಂಗ್ಲಿಷ್ ಪ್ರಶ್ನೋತ್ತರ: ಹಬ್ಬದ ಮಾತು, ಊಟದ ಮಾತು, ಮಳೆಯ ಮಾತು

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಹಬ್ಬ, ಮನೆಗೆ ಬರುವ ಅತಿಥಿಗಳು ಮತ್ತು ಶಾಲೆಯ ಸುತ್ತಲಿನವು. ಇಂಗ್ಲಿಷ್ ಮಾತುಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇವೆ. ಬಾಯಿಬಿಟ್ಟು ಓದಿಕೊಳ್ಳಿ, ಕಣ್ಣಲ್ಲಿ ಓದಿದರೆ ನಾಲಿಗೆಗೆ ಹತ್ತುವುದಿಲ್ಲ.

ಪ್ರಶ್ನೆ: ಕ್ರಿಸ್‌ಮಸ್ಸಿಗೆ ‘ಮೆರಿ’, ಉಳಿದದ್ದಕ್ಕೆಲ್ಲ ‘ಹ್ಯಾಪಿ’ ಏಕೆ? ಎಲ್ಲ ಹಬ್ಬಕ್ಕೂ ‘ಹ್ಯಾಪಿ’ ಹಾಕಿದರೆ ತಪ್ಪಾಗುತ್ತದೆಯೇ? — ಪದವಿ ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ‘ಮೆರಿ’ ಎಂಬ ಪದ ಶುಭಾಶಯದ ಮಟ್ಟಿಗೆ ಕ್ರಿಸ್‌ಮಸ್ಸಿನ ಜೊತೆಗಷ್ಟೇ ಉಳಿದುಕೊಂಡಿದೆ. ಬ್ರಿಟನ್ನಿನಲ್ಲಿ ‘ಹ್ಯಾಪಿ ಕ್ರಿಸ್‌ಮಸ್’ ಎನ್ನುವವರೂ ಬಹಳ ಮಂದಿ ಇದ್ದಾರೆ, ಅದೂ ಸರಿಯೇ. ಆದರೆ ‘ಮೆರಿ ದೀಪಾವಳಿ’, ‘ಮೆರಿ ನ್ಯೂ ಇಯರ್’ ಎಂದು ಯಾರೂ ಹೇಳುವುದಿಲ್ಲ. ಯುಗಾದಿ, ದೀಪಾವಳಿ, ಈದ್, ಹೊಸ ವರ್ಷ ಎಲ್ಲಕ್ಕೂ ‘ಹ್ಯಾಪಿ’ ಸಲ್ಲುತ್ತದೆ.

ಸಲ್ಲದ ಜಾಗವೂ ಇದೆ. ಗುಡ್ ಫ್ರೈಡೇ ಬಂದಾಗಲೆಲ್ಲ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ‘ಹ್ಯಾಪಿ ಗುಡ್ ಫ್ರೈಡೇ’ ಕಾಣಿಸುತ್ತದೆ. ಅದು ಏಸುವನ್ನು ಶಿಲುಬೆಗೇರಿಸಿದ ದಿನ. ಅಲ್ಲಿನ ‘ಗುಡ್’ಗೆ ಪವಿತ್ರ ಎಂಬ ಹಳೆಯ ಅರ್ಥ. ಎರಡು ದಿನ ಬಿಟ್ಟು ಬರುವ ಈಸ್ಟರ್‌ಗೆ ‘ಹ್ಯಾಪಿ ಈಸ್ಟರ್’ ಎನ್ನಿ. ಮೊಹರಂ ಕೂಡ ಅನೇಕರಿಗೆ ಶೋಕದ ಆಚರಣೆ, ಅದಕ್ಕೂ ‘ಹ್ಯಾಪಿ’ ಬೇಡ.

ಇನ್ನು ಪದೇ ಪದೇ ಎಡವುವ ಜಾಗಗಳು. ‘ಅಡ್ವಾನ್ಸ್ ಹ್ಯಾಪಿ ನ್ಯೂ ಇಯರ್’ ಅಲ್ಲ, ‘ಹ್ಯಾಪಿ ನ್ಯೂ ಇಯರ್ ಇನ್ ಅಡ್ವಾನ್ಸ್’. ಬರೀ ‘ಹ್ಯಾಪಿ ದೀಪಾವಳಿ’ ಎಂದರೆ ಮುಂದೆ ‘ಅ’ ಬೇಡ, ಪೂರ್ತಿ ವಾಕ್ಯ ಮಾಡಿದರೆ ಬೇಕು: ‘ವಿಶಿಂಗ್ ಯು ಅ ಹ್ಯಾಪಿ ದೀಪಾವಳಿ’. ‘ಮೆನಿ ಹ್ಯಾಪಿ ರಿಟರ್ನ್ಸ್ ಆಫ್ ದ ಡೇ’ ಎಂದರೆ ಈ ದಿನ ಮತ್ತೆ ಮತ್ತೆ ಬರಲಿ ಎಂದು. ಹುಟ್ಟುಹಬ್ಬಕ್ಕೆ ಅದು ಚೆನ್ನ. ಮದುವೆ ಮನೆಯಲ್ಲಿ ವಧೂವರರ ಕೈಕುಲುಕಿ ಹಾಗೆ ಹೇಳಬಾರದು, ಅಲ್ಲಿ ‘ಕಂಗ್ರಾಜುಲೇಷನ್ಸ್’ ಸಾಕು. ಹಬ್ಬದ ದಿನಕ್ಕೆ ‘ಆನ್’, ರಜೆಯ ಅವಧಿಗೆ ‘ಡ್ಯೂರಿಂಗ್’: ‘ಆನ್ ಯುಗಾದಿ ಡೇ’, ‘ಡ್ಯೂರಿಂಗ್ ದ ದಸರಾ ಹಾಲಿಡೇಸ್’. ಬ್ರಿಟಿಷರು ಕ್ರಿಸ್‌ಮಸ್ಸಿನ ಆಸುಪಾಸಿನ ದಿನಗಳಿಗೆಲ್ಲ ‘ಅಟ್ ಕ್ರಿಸ್‌ಮಸ್’ ಎನ್ನುತ್ತಾರೆ, ಡಿಸೆಂಬರ್ 25ಕ್ಕೆ ಮಾತ್ರ ‘ಆನ್ ಕ್ರಿಸ್‌ಮಸ್ ಡೇ’.

ಪ್ರಶ್ನೆ: ಮೊಮ್ಮಕ್ಕಳು ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದವರು, ಕನ್ನಡ ಅಷ್ಟಕ್ಕಷ್ಟೆ. ಈ ಸಲ ದೀಪಾವಳಿಗೆ ಬರುತ್ತಾರಂತೆ. ನಮ್ಮ ಹಬ್ಬವನ್ನು ಅವರಿಗೆ ತಿಳಿಯುವ ಇಂಗ್ಲಿಷಿನಲ್ಲಿ ಹೇಗೆ ಹೇಳಲಿ? — ಗೃಹಿಣಿ, ಸಾಗರ

ಉತ್ತರ: ಪಟಾಕಿಯಿಂದಲೇ ಶುರು ಮಾಡೋಣ, ಏಕೆಂದರೆ ಮೊದಲ ಗೊಂದಲ ಆಗುವುದೇ ಅಲ್ಲಿ. ನಾವೆಲ್ಲ ‘ವಿ ಬರ್ಸ್ಟ್ ಕ್ರ್ಯಾಕರ್ಸ್’ ಎನ್ನುತ್ತೇವೆ. ಇಂಗ್ಲೆಂಡಿನ ಮಗುವಿಗೆ ‘ಕ್ರ್ಯಾಕರ್’ ಎಂದರೆ ಕ್ರಿಸ್‌ಮಸ್ ಊಟದ ಮೇಜಿನ ಮೇಲಿಡುವ ಬಣ್ಣದ ಕಾಗದದ ಕೊಳವೆ. ಇಬ್ಬರು ಎರಡು ತುದಿ ಹಿಡಿದು ಎಳೆಯುತ್ತಾರೆ. ಒಳಗಿನ ಪಟ್ಟಿಗೆ ಸವರಿದ ಚೂರೇ ಚೂರು ಸಿಲ್ವರ್ ಫಲ್ಮಿನೇಟ್ ಉಜ್ಜಿ ‘ಪಟ್’ ಎನ್ನುತ್ತದೆ. ಒಳಗಿನಿಂದ ಕಾಗದದ ಕಿರೀಟ, ಪುಟ್ಟ ಉಡುಗೊರೆ, ಒಂದು ಚೀಟಿಯಲ್ಲಿ ನಗೆಹನಿ ಬೀಳುತ್ತವೆ. ಲಂಡನ್ನಿನ ಮಿಠಾಯಿ ವ್ಯಾಪಾರಿ ಟಾಮ್ ಸ್ಮಿತ್ 1840ರ ದಶಕದಲ್ಲಿ ಇದನ್ನು ರೂಢಿಗೆ ತಂದ ಎಂದು ಹೇಳುತ್ತಾರೆ. ಆದ್ದರಿಂದ ನಮ್ಮ ಪಟಾಕಿಗೆ ‘ಫೈರ್‌ವರ್ಕ್ಸ್’ ಎನ್ನಿ, ಕ್ರಿಯಾಪದ ‘ಲೆಟ್ ಆಫ್’: ‘ವಿ ಲೆಟ್ ಆಫ್ ಫೈರ್‌ವರ್ಕ್ಸ್ ಇನ್ ದ ಈವ್ನಿಂಗ್’. ಸುರುಸುರು ಬತ್ತಿಗೆ ‘ಸ್ಪಾರ್ಕ್ಲರ್’, ಹೂಕುಂಡಕ್ಕೆ ‘ಫೌಂಟನ್’, ಢಂ ಎನ್ನುವುದಕ್ಕೆ ‘ಬ್ಯಾಂಗರ್’. ರಾಕೆಟ್ ಅಲ್ಲೂ ರಾಕೆಟ್ಟೇ.

ಪಟಾಕಿ ಆ ಮಕ್ಕಳಿಗೆ ಹೊಸದೇನಲ್ಲ. 1605ರಲ್ಲಿ ಪಾರ್ಲಿಮೆಂಟನ್ನು ಮದ್ದಿಟ್ಟು ಹಾರಿಸುವ ಸಂಚು ನಡೆದು, ನವೆಂಬರ್ 5ರಂದು ಗೈ ಫಾಕ್ಸ್ ಎಂಬಾತ ಮದ್ದಿನ ಸಮೇತ ಸಿಕ್ಕಿಬಿದ್ದ. ಇಂದಿಗೂ ಆ ರಾತ್ರಿ ಬೆಂಕಿ ಹಾಕಿ, ಅವನ ಬೊಂಬೆ ಸುಟ್ಟು, ಪಟಾಕಿ ಹಾರಿಸುತ್ತಾರೆ. ಆ ಬೊಂಬೆಯನ್ನು ‘ಗೈ’ ಎಂದು ಕರೆದದ್ದು ಬೆಳೆದೂ ಬೆಳೆದೂ ಈಗ ‘ಗೈ’ ಎಂದರೆ ಯಾರೋ ಒಬ್ಬ ಮನುಷ್ಯ. ‘ಹಾಯ್ ಗೈಸ್’ ಎನ್ನುವ ಮೊಮ್ಮಕ್ಕಳಿಗೆ ನೀವು ಇದನ್ನು ಹೇಳಿದರೆ ಅವರೂ ಕಿವಿಗೊಟ್ಟು ಕೇಳುತ್ತಾರೆ.

ಎಣ್ಣೆ ಸ್ನಾನವನ್ನು ‘ಆಯಿಲ್ ಬಾತ್’ ಎಂದರೆ ಎಣ್ಣೆಯ ಹಂಡೆಯಲ್ಲೇ ಕೂರುವ ಚಿತ್ರ ಬರುತ್ತದೆ. ಬಿಡಿಸಿ ಹೇಳಿ: ‘ವಿ ರಬ್ ಆಯಿಲ್ ಇಂಟು ಅವರ್ ಸ್ಕಿನ್ ಅಂಡ್ ಹೇರ್, ಅಂಡ್ ದೆನ್ ಹ್ಯಾವ್ ಅ ಹಾಟ್ ಬಾತ್’. ಗೋಪೂಜೆಗೆ: ‘ವಿ ವಾಶ್ ದ ಕೌಸ್, ಪುಟ್ ಗಾರ್ಲಂಡ್ಸ್ ಆನ್ ದೆಮ್ ಅಂಡ್ ಗಿವ್ ದೆಮ್ ಫೆಸ್ಟಿವಲ್ ಫುಡ್’. ಹಾರದಲ್ಲಿ ಚೆಂಡುಹೂವಿದ್ದರೆ ಅದು ‘ಮಾರಿಗೋಲ್ಡ್’. ಅಡಿಕೆ ಪೋಣಿಸಿದ್ದರೆ ‘ಅರೆಕಾ ನಟ್’ ಎನ್ನಿ. ‘ಬೀಟಲ್ ನಟ್’ ಎಂಬುದು ಬಳಕೆಯಲ್ಲಿದ್ದರೂ ‘ಬೀಟಲ್’ ವೀಳ್ಯದೆಲೆಯ ಹೆಸರು. ಅಡಿಕೆ ಬೆಳೆಯುವ ಊರಿನವರು ಅದನ್ನು ಸರಿಯಾಗಿ ಹೇಳಬೇಕು. ದೀಪ ಹಚ್ಚುವುದಕ್ಕೆ ‘ಲೈಟ್ ದ ಲ್ಯಾಂಪ್’. ‘ಪುಟ್ ದ ಲ್ಯಾಂಪ್’ ಎಂದರೆ ಎಲ್ಲೋ ಇಟ್ಟ ಹಾಗಾಗುತ್ತದೆ.

ಅಂಟಿಕೆ ಪಿಂಟಿಕೆಯವರು ಬಂದಾಗ ಮಕ್ಕಳು ಖಂಡಿತ ಕೇಳುತ್ತಾರೆ. ‘ಅ ಗ್ರೂಪ್ ಆಫ್ ಸಿಂಗರ್ಸ್ ಕ್ಯಾರೀಸ್ ಅ ಲ್ಯಾಂಪ್ ಫ್ರಮ್ ಹೌಸ್ ಟು ಹೌಸ್ ಅಟ್ ನೈಟ್. ಈಚ್ ಫ್ಯಾಮಿಲಿ ಪೋರ್ಸ್ ಸಮ್ ಆಯಿಲ್ ಇಂಟು ದ ಲ್ಯಾಂಪ್ ಅಂಡ್ ಗಿವ್ಸ್ ದೆಮ್ ರೈಸ್ ಆರ್ ಮನಿ.’ ಇಲ್ಲಿ ‘ಕ್ಯಾರೀಸ್’, ‘ಪೋರ್ಸ್’, ‘ಗಿವ್ಸ್’ ಮೂರರ ಕೊನೆಯ ‘ಸ್’ ನುಂಗಬೇಡಿ. ವರ್ಷವರ್ಷ ನಡೆಯುವ ಪದ್ಧತಿಯನ್ನು ಹೇಳಲು ಈ ಸರಳ ವರ್ತಮಾನವೇ ಬೇಕು. ‘ವಿ ಆರ್ ಸೆಲೆಬ್ರೇಟಿಂಗ್ ಎವ್ರಿ ಇಯರ್’ ಅಲ್ಲ, ‘ವಿ ಸೆಲೆಬ್ರೇಟ್ ಎವ್ರಿ ಇಯರ್’. ಅಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಮನೆಮನೆಗೆ ಹಾಡುತ್ತಾ ಬರುವವರಿಗೆ ‘ಕ್ಯಾರಲ್ ಸಿಂಗರ್ಸ್’ ಎನ್ನುತ್ತಾರೆ. ‘ಲೈಕ್ ಕ್ಯಾರಲ್ ಸಿಂಗರ್ಸ್’ ಎಂದರೆ ಮಕ್ಕಳಿಗೆ ಅರ್ಧ ಆಗಲೇ ಗೊತ್ತಾಯಿತು. ಬೂರೆ ರಾತ್ರಿ ಹುಡುಗರು ಅವರಿವರ ಹಿತ್ತಿಲಿನ ಸೌತೆಕಾಯಿ, ಎಳನೀರು ಎಗರಿಸುವ ಸಲಿಗೆಯನ್ನು ಹೇಳಲು ಅಕ್ಟೋಬರ್ 31ರ ಹ್ಯಾಲೋವೀನ್ ನೆನಪಿಸಿ. ಅವತ್ತು ಮಕ್ಕಳು ಬಾಗಿಲು ಬಡಿದು ‘ಟ್ರಿಕ್ ಆರ್ ಟ್ರೀಟ್’ ಎನ್ನುತ್ತಾರೆ: ತಿಂಡಿ ಕೊಡಿ, ಇಲ್ಲವಾದರೆ ಕೀಟಲೆ ಮಾಡುತ್ತೇವೆ. ಭೂಮಿ ಹುಣ್ಣಿಮೆಯ ಬುಟ್ಟಿ ಇನ್ನೂ ಮನೆಯಲ್ಲಿದ್ದರೆ ತೋರಿಸಿ. ಪೈರು ತುಂಬಿದ ಭೂಮಿಗೆ ಮಾಡುವ ಸೀಮಂತ ಆ ಹಬ್ಬ, ಸೀಮಂತಕ್ಕೆ ಹತ್ತಿರದ ಮಾತು ‘ಬೇಬಿ ಶವರ್’. ‘ಇಟ್ ಈಸ್ ಅ ಕೈಂಡ್ ಆಫ್ ಬೇಬಿ ಶವರ್ ಫಾರ್ ದ ಅರ್ತ್’ ಎಂದರೆ ಆ ಹಬ್ಬದ ಸಾರವೇ ಬಂತು.

ಪ್ರಶ್ನೆ: ಹೋಮ್‌ಸ್ಟೇ ನಡೆಸುತ್ತೇವೆ. ಹೊರದೇಶದವರು ಬಂದಾಗ ಬಾಯಿಗೆ ಬರುವುದೆಲ್ಲ ಕನ್ನಡದಿಂದ ಎತ್ತಿ ಇಟ್ಟ ಇಂಗ್ಲಿಷ್. ‘ಈಟ್ ಸ್ಲೋಲಿ’ ಎಂದೆ, ಅವರು ಗಾಬರಿಯಾದರು. — ತೋಟಗಾರರು, ಹೊಸನಗರ

ಉತ್ತರ: ‘ನಿಧಾನ ಊಟ ಮಾಡಿ’ ನಮಗೆ ಉಪಚಾರ. ‘ಈಟ್ ಸ್ಲೋಲಿ’ ಅವರ ಕಿವಿಗೆ ಗಬಗಬ ತಿನ್ನಬೇಡ ಎಂಬ ಗದರಿಕೆ. ‘ಟೇಕ್ ಯುವರ್ ಟೈಮ್’ ಎನ್ನಿ. ‘ಊಟಕ್ಕೆ ಏಳಿ’ಗೆ ‘ಲಂಚ್ ಈಸ್ ರೆಡಿ, ಪ್ಲೀಸ್ ಕಮ್’. ‘ಆಸ್ರಿಗೆ ಏನು ಬೇಕು?’ ಎನ್ನಲು ‘ವುಡ್ ಯು ಲೈಕ್ ಸಮ್‌ಥಿಂಗ್ ಟು ಡ್ರಿಂಕ್?’. ‘ಸಂಕೋಚ ಬೇಡ’ಕ್ಕೆ ‘ಪ್ಲೀಸ್ ಮೇಕ್ ಯುವರ್‌ಸೆಲ್ಫ್ ಅಟ್ ಹೋಮ್’. ‘ಊಟ ಆಯ್ತಾ?’ ನಮ್ಮಲ್ಲಿ ಯೋಗಕ್ಷೇಮದ ಮಾತು. ‘ಹ್ಯಾವ್ ಯು ಈಟನ್?’ ಎಂದರೆ ಅವರು ಊಟಕ್ಕೆ ಕರೆಯುತ್ತಿದ್ದೀರಿ ಎಂದುಕೊಳ್ಳಬಹುದು, ಹಾಗಾಗಿ ಬಡಿಸುವ ಉದ್ದೇಶವಿದ್ದಾಗ ಮಾತ್ರ ಕೇಳಿ.

ಬಡಿಸುವಾಗ ಒಂದು ಎಚ್ಚರಿಕೆ. ನಮ್ಮಲ್ಲಿ ‘ಸಾಕು ಸಾಕು’ ಎಂದರೂ ಇನ್ನೊಂದು ಸೌಟು ಬೀಳುತ್ತದೆ. ‘ನೋ, ಥ್ಯಾಂಕ್ ಯು’ ಎಂದರೆ ಅವರಿಗೆ ನಿಜವಾಗಿ ಬೇಡ. ‘ಆರ್ ಯು ಶ್ಯೂರ್?’ ಎಂದು ಒಮ್ಮೆ ಕೇಳಿ, ಪಾತ್ರೆ ಮೇಜಿನ ಮೇಲಿಟ್ಟು ‘ಪ್ಲೀಸ್ ಹೆಲ್ಪ್ ಯುವರ್‌ಸೆಲ್ಫ್’ ಎಂದು ಬಿಟ್ಟುಬಿಡಿ.

ತಿಂಡಿಯ ಪರಿಚಯಕ್ಕೆ ಮೂರು ವಿಷಯ ಸಾಕು: ಯಾವುದರಿಂದ, ಹೇಗೆ ಬೇಯಿಸಿದ್ದು, ಯಾವುದರ ಜೊತೆ. ಕಡುಬು: ‘ಸ್ಟೀಮ್ಡ್ ರೈಸ್ ಡಂಪ್ಲಿಂಗ್ಸ್. ವಿ ಈಟ್ ದೆಮ್ ವಿತ್ ಚಟ್ನಿ’. ತಂಬುಳಿ: ‘ಅ ಥಿನ್, ಕೂಲ್ ಯೋಗರ್ಟ್ ಡಿಶ್ ವಿತ್ ಗ್ರೌಂಡ್ ಹರ್ಬ್ಸ್’. ಮೊಸರಿಗೆ ‘ಕರ್ಡ್’ ಎನ್ನಬೇಡಿ, ಬ್ರಿಟಿಷರಿಗೆ ಅದು ನಿಂಬೆಯ ಸಿಹಿ ಲೇಪ ಅಥವಾ ಒಡೆದ ಹಾಲಿನ ಗಟ್ಟಿ. ಕಳಲೆ ‘ಟೆಂಡರ್ ಬ್ಯಾಂಬೂ ಶೂಟ್ಸ್’. ಹೆದರಿ ನೋಡುವವರಿಗೆ ‘ವಿ ಸೋಕ್ ದೆಮ್ ಫಾರ್ ಅ ಫ್ಯೂ ಡೇಸ್ ಅಂಡ್ ಚೇಂಜ್ ದ ವಾಟರ್ ಎವ್ರಿ ಡೇ’ ಎಂದು ಧೈರ್ಯ ಹೇಳಿ. ಕಣ್ಣಿಗೆ ಕಾಣುವ ವಸ್ತುವಿಗೆ ‘ಮೇಡ್ ಆಫ್’ (ಈ ಮಂಚ ತೇಗದ್ದು), ರೂಪವೇ ಬದಲಾಗಿದ್ದರೆ ‘ಮೇಡ್ ಫ್ರಮ್’ (ಬೆಲ್ಲ ಕಬ್ಬಿನದ್ದು), ಹಾಕಿದ ಹಲವು ಸಾಮಾನುಗಳಲ್ಲಿ ಒಂದನ್ನು ಹೇಳುವಾಗ ‘ಮೇಡ್ ವಿತ್’. ಖಾರಕ್ಕೆ ‘ಹಾಟ್’ ಎಂದರೆ ಬಿಸಿಯೋ ಖಾರವೋ ತಿಳಿಯುವುದಿಲ್ಲ, ‘ಸ್ಪೈಸಿ’ ಎನ್ನಿ.

ಮಳೆಯ ಮಾತು ನಿಮಗೆ ಇದಕ್ಕಿಂತ ಹೆಚ್ಚು ಬೇಕಾದೀತು. ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ನಮ್ಮ ಶಾಲೆಗಳಲ್ಲಿ ಕಲಿಸಿದಷ್ಟು ಆ ದೇಶದ ಬೀದಿಗಳಲ್ಲಿ ಕೇಳಿಸುವುದಿಲ್ಲ. ಧೋ ಎಂದು ಸುರಿದರೆ ‘ಇಟ್ಸ್ ಪೋರಿಂಗ್’. ಜಿಟಿಜಿಟಿಗೆ ‘ಇಟ್ಸ್ ಡ್ರಿಝ್ಲಿಂಗ್’. ಎಲ್ಲೋ ಒಂದೆರಡು ಹನಿ ಬಿದ್ದರೆ ಬ್ರಿಟಿಷರು ‘ಇಟ್ಸ್ ಸ್ಪಿಟಿಂಗ್’ ಎನ್ನುತ್ತಾರೆ. ಬಂದು ಹೋಗುವ ಸಣ್ಣ ಮಳೆ ‘ಶವರ್’. ‘ಮಳೆ ಹಿಡಿದುಕೊಂಡಿದೆ’ ಎಂಬ ನಮ್ಮ ಆಷಾಢದ ಮಾತಿಗೆ ‘ದ ರೇನ್ ಹ್ಯಾಸ್ ಸೆಟ್ ಇನ್’ ಹೇಳಿ ಮಾಡಿಸಿದ ಹಾಗಿದೆ. ಹೊಳವಾದರೆ ‘ಇಟ್ಸ್ ಲೆಟ್ ಅಪ್’, ಆಕಾಶವೂ ತಿಳಿಯಾಗುತ್ತಿದ್ದರೆ ‘ಇಟ್ಸ್ ಕ್ಲಿಯರಿಂಗ್ ಅಪ್’. ಅತಿಥಿಗಳು ಕಾಡಿನ ಹಾದಿ ಹಿಡಿಯುವ ಮೊದಲು ಇಂಬಳದ ಎಚ್ಚರಿಕೆ ಕೊಡಿ: ‘ವಾಚ್ ಔಟ್ ಫಾರ್ ಲೀಚಸ್. ಟಕ್ ಯುವರ್ ಟ್ರೌಸರ್ಸ್ ಇಂಟು ಯುವರ್ ಸಾಕ್ಸ್’. ಇಲ್ಲಿ ‘ಪ್ಯಾಂಟ್ಸ್’ ಎನ್ನಬೇಡಿ. ಬ್ರಿಟನ್ನಿನಲ್ಲಿ ಅದು ಒಳಚಡ್ಡಿ.

ಪ್ರಶ್ನೆ: ಎಂಟನೇ ತರಗತಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಒಗಟು, ನಗೆಹನಿ ಬಳಸಬೇಕೆಂದು ಆಸೆ. ಹೇಳಿದರೆ ಮಕ್ಕಳು ಪಿಳಿಪಿಳಿ ನೋಡುತ್ತಾರೆ. ಎಲ್ಲಿ ತಪ್ಪುತ್ತಿದೆ? — ಪ್ರೌಢಶಾಲಾ ಶಿಕ್ಷಕಿ, ಸೊರಬ

ಉತ್ತರ: ಬಹುಶಃ ಆಯ್ಕೆಯಲ್ಲಿ. ಹಿಮಮಾನವನ ಬೊಂಬೆ, ಕಾರ್ನ್‌ಫ್ಲೇಕ್ಸ್, ಟರ್ಕಿ ಕೋಳಿ ಇರುವ ಕ್ರಿಸ್‌ಮಸ್ ನಗೆಹನಿಗಳನ್ನು ಬಿಡಿ. ಮಗು ಮೊದಲು ವಸ್ತುವನ್ನೇ ಕಂಡಿಲ್ಲ, ಅದರ ಮೇಲಿನ ಶ್ಲೇಷೆ ಎಲ್ಲಿಂದ ಹೊಳೆಯಬೇಕು? ಮಕ್ಕಳಿಗೆ ಆಗಲೇ ಗೊತ್ತಿರುವ ಪದಗಳಿಂದ ಆದದ್ದನ್ನೇ ಆರಿಸಿ. ‘ವೈ ವಾಸ್ ಸಿಕ್ಸ್ ಅಫ್ರೇಡ್ ಆಫ್ ಸೆವೆನ್? ಬಿಕಾಸ್ ಸೆವೆನ್ ಏಟ್ ನೈನ್!’ ಇದಕ್ಕೆ ಅಂಕಿಗಳು ಮತ್ತು ‘ಈಟ್’ನ ಭೂತಕಾಲ ಗೊತ್ತಿದ್ದರೆ ಸಾಕು.

ಹೇಳುವ ಕ್ರಮ ಹೀಗಿರಲಿ. ಎರಡು ಅರ್ಥದ ಆ ‘ಏಟ್’ ಅನ್ನು ಹಿಂದಿನ ದಿನವೇ ಬೇರೆ ಬೇರೆ ವಾಕ್ಯಗಳಲ್ಲಿ ಬಳಸಿ ಬಿಟ್ಟಿರಿ. ಮರುದಿನ ಪೀರಿಯಡ್ಡಿನ ಕೊನೆಯ ಐದು ನಿಮಿಷದಲ್ಲಿ ನಗೆಹನಿಯನ್ನು ಎರಡು ಸಲ ಹೇಳಿ, ಸುಮ್ಮನೆ ಕಾಯಿರಿ. ಒಬ್ಬರಿಗೆ ಹೊಳೆದರೆ ಅವರೇ ಪಕ್ಕದವರಿಗೆ ಹೇಳಲಿ. ಬೋರ್ಡಿನ ಮೇಲೆ ಬರೆಯುವುದು ಎಲ್ಲ ಮುಗಿದ ಮೇಲೆ. ಮೊದಲೇ ಬರೆದರೆ ಕಾಗುಣಿತ ಗುಟ್ಟು ಬಿಟ್ಟುಕೊಡುತ್ತದೆ, ಶ್ಲೇಷೆ ಇರುವುದು ಕಿವಿಯಲ್ಲಿ. ದಿನಕ್ಕೆ ಒಂದೇ ಸಾಕು.

‘ನಾಕ್ ನಾಕ್’ ಆಟಕ್ಕೆ ಐದು ಸಾಲಿನ ಕಟ್ಟು ಇದೆ. ‘ನಾಕ್ ನಾಕ್’ ಎಂದು ಒಬ್ಬರು. ‘ಹೂಸ್ ದೇರ್?’ ಎಂದು ತರಗತಿ. ‘ಲೆಟಿಸ್’. ‘ಲೆಟಿಸ್ ಹೂ?’ ‘ಲೆಟಿಸ್ ಇನ್, ಇಟ್ಸ್ ರೇನಿಂಗ್!’ ಅಂದರೆ ‘ಲೆಟ್ ಅಸ್ ಇನ್’, ಒಳಗೆ ಬಿಡಿ ಎಂದು. ಆ ಸೊಪ್ಪಿನ ಹೆಸರನ್ನು ನಮ್ಮಲ್ಲಿ ಅನೇಕರು ‘ಲೆಟ್ಯೂಸ್’ ಎನ್ನುತ್ತಾರೆ. ಹಾಗೆಂದ ಕೂಡಲೇ ನಗೆಹನಿ ಸತ್ತಿತು. ಇನ್ನೊಂದು: ‘ಐಸ್ ಕ್ರೀಮ್’, ‘ಐಸ್ ಕ್ರೀಮ್ ಹೂ?’, ‘ಐ ಸ್ಕ್ರೀಮ್ ವೆನ್ ಐ ಸೀ ಅ ಗೋಸ್ಟ್!’ ಪ್ರಶ್ನೆ ಕೇಳುವ ಸಾಲನ್ನು ಇಡೀ ತರಗತಿ ಒಟ್ಟಾಗಿ ಹೇಳುವುದರಿಂದ ಹಿಂದಿನ ಬೆಂಚಿನ ಮಕ್ಕಳ ಬಾಯಿಯೂ ತೆರೆಯುತ್ತದೆ. ಈ ಆಟದ ದೊಡ್ಡ ಲಾಭ ಇದೇ.

ನಮ್ಮ ಒಗಟುಗಳನ್ನು ಕೈಬಿಡಬೇಡಿ. ಅವುಗಳಲ್ಲಿ ಹೆಚ್ಚಿನವು ರೂಪಕದ ಮೇಲೆ ನಿಂತಿರುವುದರಿಂದ ಇಂಗ್ಲಿಷಿಗೆ ಸುಲಭವಾಗಿ ಹೋಗುತ್ತವೆ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಎಂಬ ಮಲ್ಲಿಗೆಯ ಒಗಟನ್ನು ಮಕ್ಕಳೇ ಇಂಗ್ಲಿಷ್ ಮಾಡಲಿ. ಶಬ್ದದ ಮೇಲೆ ನಿಂತ ಶ್ಲೇಷೆಯನ್ನು ಮಾತ್ರ ಆಚೀಚೆ ಮಾಡಲು ಹೋಗಬೇಡಿ. ‘ಹ್ಯಾಸ್... ಬಟ್ ಕೆನಾಟ್’ ಎಂಬ ಅಚ್ಚು ಕೊಟ್ಟು ಹೊಸ ಒಗಟು ಕಟ್ಟಿಸಬಹುದು. ‘ವಾಟ್ ಹ್ಯಾಸ್ ಹ್ಯಾಂಡ್ಸ್ ಬಟ್ ಕೆನಾಟ್ ಕ್ಲ್ಯಾಪ್?’ ಗಡಿಯಾರ. ‘ಹ್ಯಾಸ್ ಟೀತ್ ಬಟ್ ಕೆನಾಟ್ ಬೈಟ್’ ಬಾಚಣಿಗೆ. ‘ಹ್ಯಾಸ್ ಅ ಮೌತ್ ಬಟ್ ಕೆನಾಟ್ ಸ್ಪೀಕ್’ ನದಿ, ಏಕೆಂದರೆ ನದಿ ಸಮುದ್ರ ಸೇರುವ ಜಾಗಕ್ಕೂ ‘ಮೌತ್’ ಎನ್ನುತ್ತಾರೆ. ಶರಾವತಿಯ ‘ಮೌತ್’ ಹೊನ್ನಾವರದಲ್ಲಿದೆ ಎಂದರೆ ಭೂಗೋಳವೂ ಬಂತು. ‘ಹ್ಯಾವ್’, ‘ಹ್ಯಾಸ್’ ತಪ್ಪುಗಳು ಈ ಆಟದಲ್ಲಿ ತಾವಾಗಿಯೇ ತಿದ್ದಿಕೊಳ್ಳುತ್ತವೆ.

ಪ್ರಶ್ನೆ: ನನ್ನ ‘ಇಯರ್’ ಕೇಳಿದವರಿಗೆ ಕಿವಿಯೋ ವರ್ಷವೋ ತಿಳಿಯುವುದಿಲ್ಲವಂತೆ. ಉಚ್ಚಾರಣೆ ತಿದ್ದಿಕೊಳ್ಳುವುದು ಹೇಗೆ? — ಪಿಯು ವಿದ್ಯಾರ್ಥಿ, ರಿಪ್ಪನ್‌ಪೇಟೆ

ಉತ್ತರ: ಕನ್ನಡದ ಮಾತಿನಲ್ಲಿ ಪದದ ಮೊದಲಿನ ಎ, ಏ ಮುಂದೆ ಯಕಾರ, ಒ, ಓ ಮುಂದೆ ವಕಾರ ತೆಳ್ಳಗೆ ಸೇರಿಕೊಳ್ಳುತ್ತದೆ. ‘ಎಂಟು’ ಯೆಂಟಾಗುತ್ತದೆ, ‘ಒಂದು’ ವೊಂದಾಗುತ್ತದೆ. ಅದೇ ಅಭ್ಯಾಸ ಇಂಗ್ಲಿಷಿಗೂ ಬಂದು ‘ಎಗ್’ ಯೆಗ್, ‘ಓನ್ಲಿ’ ವೋನ್ಲಿ. ಕಿವಿ ಎನ್ನುವಾಗ ಬಾಯಿ ಮೊದಲೇ ‘ಇ’ಗೆ ತೆರೆದಿರಲಿ, ವರ್ಷ ಎನ್ನುವಾಗ ನಾಲಿಗೆ ಅಂಗುಳಿನ ಹತ್ತಿರ ಹೋಗಿ ‘ಯಿ’ ಎಂದು ಜಾರಲಿ. ‘ಈಸ್ಟ್’ ದಿಕ್ಕು, ‘ಯೀಸ್ಟ್’ ಹಿಟ್ಟು ಹುಳಿಯಿಸುವುದು. ಈ ಎರಡು ಜೋಡಿಗಳನ್ನೇ ಗೆಳೆಯನಿಗೆ ಹೇಳಿ, ಯಾವುದೆಂದು ಅವನು ಬೆರಳು ತೋರಿಸಲಿ.

ಕನ್ನಡಕ್ಕೆ ಒಂದೇ ‘ವ’. ಇಂಗ್ಲಿಷಿಗೆ ಎರಡು. ‘ವೆರಿ’ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ‘ವೆಟ್’ಗೆ ತುಟಿ ಎರಡೂ ಗುಂಡಗಾಗಬೇಕು, ಹಲ್ಲು ತಾಗಬಾರದು. ‘ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ’ ಹೇಳಿ ನಾಲಿಗೆ ಪಳಗಿಸಿದವರಿಗೆ ‘ವೆರಿ ವೆಟ್ ವೆದರ್ ಇನ್ ದ ವೆಸ್ಟರ್ನ್ ವಿಲೇಜಸ್’ ಕಷ್ಟವಲ್ಲ. ಕನ್ನಡಿ ಮುಂದೆ ನಿಂತು ಮೊದಲು ನಿಧಾನಕ್ಕೆ ಹೇಳಿ.

‘ಪಿನ್’ ಎಂದದ್ದು ಅವರಿಗೆ ‘ಬಿನ್’ ಎಂದು ಕೇಳಿಸುವುದೂ ಉಂಟು. ಇಂಗ್ಲಿಷಿನಲ್ಲಿ ಪದದ ಮೊದಲಿನ ಪ, ಟ, ಕ ಜೊತೆ ಉಸಿರು ನುಗ್ಗುತ್ತದೆ. ಬೆರಳಗಲದ ತೆಳು ಕಾಗದವನ್ನು ತುಟಿಯ ಮುಂದೆ ಹಿಡಿದು ‘ಪಿನ್’ ಎನ್ನಿ. ಕಾಗದ ಹಾರಿದರೆ ಸರಿ. ‘ಸ್ಪಿನ್’ ಎಂದಾಗ ಹಾರಬಾರದು.

ಪ್ರಶ್ನೆ: ‘ಡು ದ ನೀಡ್‌ಫುಲ್’, ‘ಪ್ರಿಪೋನ್’, ‘ಪಾಸ್ಡ್ ಔಟ್’ ಇವೆಲ್ಲ ತಪ್ಪೇ? — ಖಾಸಗಿ ಸಂಸ್ಥೆಯ ನೌಕರ, ಭದ್ರಾವತಿ

ಉತ್ತರ: ಎಲ್ಲವೂ ಅಲ್ಲ. ‘ಪ್ರಿಪೋನ್’ ಆಕ್ಸ್‌ಫರ್ಡ್ ನಿಘಂಟಿನಲ್ಲೇ ಇದೆ, ನಮ್ಮ ದೇಶದೊಳಗೆ ಧಾರಾಳವಾಗಿ ಬಳಸಿ. ಹೊರಗಿನವರಿಗೆ ಬರೆಯುವಾಗ ‘ಬ್ರಿಂಗ್ ಫಾರ್ವರ್ಡ್’ ಎನ್ನಿ. ‘ಡು ದ ನೀಡ್‌ಫುಲ್’ ಹಳೆಯ ಕಚೇರಿ ಭಾಷೆ. ಏನು ಮಾಡಬೇಕೆಂದು ನೇರವಾಗಿ ಬರೆದರೆ ಕೆಲಸವೂ ಬೇಗ ಆಗುತ್ತದೆ. ಸಂದರ್ಶನದಲ್ಲಿ ‘ಐ ಪಾಸ್ಡ್ ಔಟ್ ಇನ್ 2019’ ಎನ್ನಬೇಡಿ, ಹೊರದೇಶದವರಿಗೆ ಅದು ಪ್ರಜ್ಞೆ ತಪ್ಪಿದ ಸುದ್ದಿ. ‘ಐ ಗ್ರಾಜುಯೇಟೆಡ್’ ಸಾಕು. ‘ಮೈ ನೇಟಿವ್ ಈಸ್ ಭದ್ರಾವತಿ’ ಬದಲು ‘ಐ ಆ್ಯಮ್ ಫ್ರಮ್ ಭದ್ರಾವತಿ’. ‘ಡಿಸ್ಕಸ್ ಅಬೌಟ್’ ಮಾತ್ರ ಎಲ್ಲಿ ಹೇಳಿದರೂ ತಪ್ಪು, ‘ಅಬೌಟ್’ ತೆಗೆಯಿರಿ.

ಪ್ರಶ್ನೆ: ಹೊಸ ವರ್ಷದಿಂದ ದಿನಕ್ಕೆ ಹತ್ತು ಇಂಗ್ಲಿಷ್ ಪದ ಕಲಿಯುವ ಸಂಕಲ್ಪ ಮಾಡಿದ್ದೇನೆ. ಸರಿಯಾದ ದಾರಿಯೇ? — ಅಂಗಡಿ ಮಾಲೀಕರು, ಶಿವಮೊಗ್ಗ

ಉತ್ತರ: ಹತ್ತು ಬಿಡಿ ಪದಗಳ ಬದಲು ಎರಡು ಪೂರ್ತಿ ಮಾತು ಕಲಿಯಿರಿ. ಪದ ಒಂಟಿಯಾಗಿ ನೆನಪಿದ್ದರೆ ಅದರ ಮುಂದೆ ಯಾವ ಕ್ರಿಯಾಪದ ಹಾಕಬೇಕೆಂದು ಬಾಯಿ ತಡವರಿಸುತ್ತದೆ. ನಿಮ್ಮ ಸಂಕಲ್ಪದ ಪದವನ್ನೇ ತೆಗೆದುಕೊಳ್ಳಿ: ‘ಮೇಕ್ ಅ ರೆಸಲ್ಯೂಷನ್’ ಎಂದರೆ ಸಂಕಲ್ಪ ಮಾಡುವುದು, ‘ಕೀಪ್’ ಎಂದರೆ ಉಳಿಸಿಕೊಳ್ಳುವುದು, ‘ಬ್ರೇಕ್’ ಎಂದರೆ ಮುರಿಯುವುದು. ‘ಡು ಅ ರೆಸಲ್ಯೂಷನ್’ ಇಲ್ಲ.

ಪುಸ್ತಕವನ್ನು ಅಕ್ಷರಮಾಲೆಯ ಪ್ರಕಾರ ಮಾಡಬೇಡಿ, ಸಂದರ್ಭದ ಪ್ರಕಾರ ಪುಟ ಹಾಕಿ. ಗಿರಾಕಿ ಬಂದಾಗ ಒಂದು ಪುಟ, ಚಿಲ್ಲರೆ ಇಲ್ಲದಾಗ ಒಂದು, ಸಾಮಾನು ತಡವಾದಾಗ ಒಂದು. ಎಡಗಡೆ ನೀವು ನಿಜವಾಗಿ ಆಡುವ ಕನ್ನಡ, ಬಲಗಡೆ ಇಂಗ್ಲಿಷಿನವರು ಆ ಹೊತ್ತಿನಲ್ಲಿ ಆಡುವ ಮಾತು. ‘ಚಿಲ್ಲರೆ ಕೊಡಿ’ಯ ಎದುರು ‘ಡು ಯು ಹ್ಯಾವ್ ಎನಿಥಿಂಗ್ ಸ್ಮಾಲರ್?’, ‘ನಾಳೆ ಬರುತ್ತೆ’ಯ ಎದುರು ‘ಇಟ್ ಶುಡ್ ಬಿ ಇನ್ ಟುಮಾರೋ’. ಬರೆದದ್ದನ್ನು ಮರುದಿನ ಒಮ್ಮೆ, ವಾರ ಬಿಟ್ಟು ಒಮ್ಮೆ ಬಲಗಡೆ ಕೈ ಮುಚ್ಚಿ ಹೇಳಿ ನೋಡಿ. ಮೂರನೇ ಸಲವೂ ಬಾರದ ಮಾತಿದ್ದರೆ ಅದು ನಿಮ್ಮ ಅಂಗಡಿಗೆ ಬೇಕಾದದ್ದೇ ಎಂದು ಯೋಚಿಸಿ. ಬೇಡವಾದರೆ ಹೊಡೆದುಹಾಕಿ.